ನಾನು ಕಂಪನಿಯ ವಕೀಲ, ನಿಮ್ಮ ವಕೀಲ ಅಲ್ಲ

ಆಫೀಸಿನಲ್ಲಿ ಎಂದಿನಂತೆ ಕೆಲಸ ಮಾಡುತ್ತಾ ಕೂತಿದ್ದೀರಿ. ಕ್ಯಾಲೆಂಡರಿನಲ್ಲಿ ಇದ್ದಕ್ಕಿದ್ದಂತೆ ಒಂದು ಮೀಟಿಂಗ್ ಬಂದು ಕೂರುತ್ತದೆ. ವಿಷಯ ಏನೆಂದು ಬರೆದಿಲ್ಲ. ಕರೆದವರು ಲೀಗಲ್ ಟೀಮ್. ರೂಮಿಗೆ ಹೋದರೆ ಇಬ್ಬರು ಕಾಯುತ್ತಿದ್ದಾರೆ. ಒಬ್ಬರು ಬರೆದುಕೊಳ್ಳಲು ಪೆನ್ನು ಹಿಡಿದು ಸಿದ್ಧ. ಇನ್ನೊಬ್ಬರು ನೀರಿನ ಬಾಟಲಿಯನ್ನು ನಿಮ್ಮ ಮುಂದಿಟ್ಟು, "ಶುರು ಮಾಡೋಕೆ ಮುಂಚೆ ಒಂದು ಮಾತು ಹೇಳಿಬಿಡ್ತೀನಿ. ನಾನು ಕಂಪನಿಯ ವಕೀಲ, ನಿಮ್ಮ ವಕೀಲ ಅಲ್ಲ. ಇಲ್ಲಿ ಆಡೋ ಮಾತು ಗೋಪ್ಯವಾಗಿರುತ್ತೆ. ಆದರೆ ಆ ಗೋಪ್ಯತೆ ಕಂಪನಿಯದ್ದು. ನಾಳೆ ಕಂಪನಿಗೆ ಬೇಕು ಅನ್ನಿಸಿದರೆ ಇದನ್ನ ಬೇರೆಯವರಿಗೆ ತಿಳಿಸಬಹುದು" ಅನ್ನುತ್ತಾರೆ.

ನಿನ್ನೆ ಮಧ್ಯಾಹ್ನ ಕ್ಯಾಂಟೀನಿನಲ್ಲಿ ನಿಮ್ಮ ಎದುರಿಗೇ ಕೂತು ಊಟ ಮಾಡಿದವರು ಇವರೇ. ಇವತ್ತು ಹೀಗೇಕೆ ಅಪರಿಚಿತರಂತೆ ಮಾತಾಡುತ್ತಿದ್ದಾರೆ? ಈ ಪ್ರಶ್ನೆಗೆ ಉತ್ತರ ಹುಡುಕುತ್ತಾ ಹೋದರೆ ಕಂಪನಿಯೊಳಗಿನ ವಕೀಲರ ಕೆಲಸ ಏನು, ಕಳೆದ ನಲವತ್ತು ವರ್ಷದಲ್ಲಿ ಅದು ಎಷ್ಟು ಬದಲಾಗಿದೆ, ಈಗ ಎಲ್ಲಿ ಸಿಕ್ಕಿಕೊಂಡಿದೆ ಎಂಬುದೆಲ್ಲ ಗೊತ್ತಾಗುತ್ತದೆ.

ಮೀಟರ್ ಇಲ್ಲದ ವಕೀಲರು

ವಕೀಲರು ಅಂದ ತಕ್ಷಣ ಕಣ್ಣಿಗೆ ಕಟ್ಟುವುದು ಕರಿ ಕೋಟು, ಕೋರ್ಟು, ಕಕ್ಷಿದಾರರು ಕಾಯುತ್ತಾ ಕೂತಿರುವ ಚೇಂಬರು. ಇನ್-ಹೌಸ್ ವಕೀಲರ, ಅಂದರೆ ಕಂಪನಿಯೊಳಗಿನ ವಕೀಲರ ದಿನದಲ್ಲಿ ಇದ್ಯಾವುದೂ ಇಲ್ಲ. ಅವರು ಕಂಪನಿಯ ನೌಕರರು. ಎಲ್ಲರಿಗೂ ಇರುವಂತೆ ಐಡಿ ಕಾರ್ಡು, ತಿಂಗಳ ಸಂಬಳ, ವರ್ಷಕ್ಕೊಮ್ಮೆ ಅಪ್ರೈಸಲ್. ಇವರ ಮುಖ್ಯಸ್ಥರನ್ನು ಜನರಲ್ ಕೌನ್ಸೆಲ್ ಎಂದೋ ಚೀಫ್ ಲೀಗಲ್ ಆಫೀಸರ್ ಎಂದೋ ಕರೆಯುತ್ತಾರೆ. ಕೇಸು ಬಿದ್ದಾಗ ಕೋರ್ಟಿನಲ್ಲಿ ವಾದಿಸುವುದು ಸಾಮಾನ್ಯವಾಗಿ ಹೊರಗಿನ ಲಾ ಫರ್ಮಿನವರು. ಅವರನ್ನು ಆರಿಸುವುದು, ಕಾಗದಪತ್ರ ಒದಗಿಸುವುದು, ಬಿಲ್ಲಿನ ಮೇಲೆ ಕಣ್ಣಿಡುವುದು ಒಳಗಿನವರ ಪಾಲು.

ಹೊರಗಿನ ವಕೀಲರಿಗೂ ಒಳಗಿನವರಿಗೂ ಇರುವ ದೊಡ್ಡ ವ್ಯತ್ಯಾಸ ಓದಿನದ್ದಲ್ಲ, ಮೀಟರಿನದ್ದು. ದೊಡ್ಡ ಲಾ ಫರ್ಮುಗಳು ಹಲವೆಡೆ ಗಂಟೆ ಲೆಕ್ಕದಲ್ಲಿ ಫೀಸು ಹಾಕುತ್ತವೆ. ಫೋನ್ ಎತ್ತಿದರೆ ಮೀಟರ್ ಓಡಲು ಶುರು. ಹಾಗಾಗಿ ಸಣ್ಣಪುಟ್ಟ ಸಂದೇಹಕ್ಕೆ ಯಾರೂ ಅವರನ್ನು ಕೇಳಲು ಹೋಗುವುದಿಲ್ಲ. ವಿಷಯ ದೊಡ್ಡದಾದ ಮೇಲೆಯೇ ಹೋಗುವುದು. ಒಳಗಿನ ವಕೀಲರ ಮೇಜಿನ ಹತ್ತಿರ ಯಾರು ಬೇಕಾದರೂ ಹೋಗಿ "ಒಂದ್ನಿಮಿಷ, ಇದು ಸರಿನಾ?" ಅನ್ನಬಹುದು. ಹೊರಗಿನಿಂದ ನೋಡುವವರಿಗೆ ಇದು ಕ್ಷುಲ್ಲಕ ಅನ್ನಿಸಬಹುದು, ಆದರೆ ಇವರ ಉಪಯೋಗದ ಮುಕ್ಕಾಲು ಪಾಲು ಇರುವುದು ಆ ಒಂದು ನಿಮಿಷದಲ್ಲೇ.

ಇನ್ನೊಂದು ವ್ಯತ್ಯಾಸವೂ ಇದೆ. ಹೊರಗಿನ ವಕೀಲರಿಗೆ ಹತ್ತಾರು ಕಕ್ಷಿದಾರರು. ಒಬ್ಬರು ಮುನಿಸಿಕೊಂಡು ಹೋದರೆ ಇನ್ನೊಬ್ಬರು ಇದ್ದಾರೆ. ಇವರಿಗೆ ಇರುವುದು ಒಬ್ಬರೇ, ಅದೂ ಕಂಪನಿ. ಕಂಪನಿ ಎನ್ನುವುದು ಕಾನೂನಿನ ಕಣ್ಣಲ್ಲಿ ಒಬ್ಬ ವ್ಯಕ್ತಿ ನಿಜ, ಆದರೆ ಆ ವ್ಯಕ್ತಿಗೆ ಮಾತಾಡಲು ಬಾಯಿಲ್ಲ, ಸಹಿ ಹಾಕಲು ಕೈಯಿಲ್ಲ. ಅದರ ಪರವಾಗಿ ಮಾತಾಡುವವರು ಎಂಡಿ, ಸಿಇಒ, ನಿರ್ದೇಶಕರು. ವಕೀಲರ ಸಂಬಳ, ಬಡ್ತಿ ತೀರ್ಮಾನಿಸುವವರೂ ಅವರೇ. ವರ್ಷದ 364 ದಿನ ಎಂಡಿಗೆ ಒಳ್ಳೆಯದಾದದ್ದು ಕಂಪನಿಗೂ ಒಳ್ಳೆಯದೇ ಆಗಿರುತ್ತದೆ. ಎರಡೂ ಬೇರೆಬೇರೆಯಾಗುವ ಆ ಒಂದು ದಿನಕ್ಕೆ ಇವರು ಏನು ಮಾಡುತ್ತಾರೆ ಎಂಬುದು ಮುಂದಿನ ಕಥೆ.

ಮೇಲಿದ್ದು, ಕೆಳಗಿಳಿದು, ಮತ್ತೆ ಮೇಲೆ ಬಂದದ್ದು

ಇದು ಹೊಸ ಹುದ್ದೆ ಅಲ್ಲ. 1881ರಲ್ಲಿ ಅಮೆರಿಕದ ಸ್ಟ್ಯಾಂಡರ್ಡ್ ಆಯಿಲ್ ಕಂಪನಿ ಸ್ಯಾಮ್ಯುಯೆಲ್ ಡಾಡ್ ಎಂಬ ವಕೀಲರನ್ನು ತನ್ನೊಳಗೇ ಇಟ್ಟುಕೊಂಡಿತು. ಒಂದು ರಾಜ್ಯದ ಕಂಪನಿ ಇನ್ನೊಂದು ರಾಜ್ಯದ ಕಂಪನಿಯ ಷೇರು ಹೊಂದುವುದು ಕಷ್ಟವಾಗಿದ್ದ ಕಾಲ. ಡಾಡ್ ಹುಡುಕಿದ ದಾರಿ ಇದು: ಹತ್ತಾರು ಕಂಪನಿಗಳ ಷೇರುಗಳನ್ನೆಲ್ಲ 9 ಮಂದಿ ಟ್ರಸ್ಟಿಗಳ ಕೈಗೆ ಒಪ್ಪಿಸಿಬಿಡುವುದು. 1882ರಲ್ಲಿ ಸ್ಟ್ಯಾಂಡರ್ಡ್ ಆಯಿಲ್ ಟ್ರಸ್ಟ್ ಹುಟ್ಟಿದ್ದು ಹೀಗೆ. ಏಕಸ್ವಾಮ್ಯದ ವಿರುದ್ಧದ ಕಾನೂನುಗಳನ್ನು ಇವತ್ತಿಗೂ ಆಂಟಿಟ್ರಸ್ಟ್ ಅನ್ನುತ್ತೇವಲ್ಲ, ಆ ಪದದೊಳಗಿನ ಟ್ರಸ್ಟ್ ಇದೇ ಕಾಲದ್ದು. ಕಂಪನಿಯೊಳಗೆ ಕೂತ ಒಬ್ಬ ವಕೀಲರ ಜಾಣತನ, ಅದನ್ನು ಮಟ್ಟಹಾಕಲು ಬಂದ ಕಾನೂನಿಗೇ ಹೆಸರಾಗಿಬಿಟ್ಟಿತು.

20ನೇ ಶತಮಾನದ ಮಧ್ಯಭಾಗಕ್ಕೆ ಬರುವಷ್ಟರಲ್ಲಿ ಲೆಕ್ಕ ತಿರುಗಿತ್ತು. ಹೊರಗಿನ ಲಾ ಫರ್ಮುಗಳು ದೊಡ್ಡದಾಗಿ ಬೆಳೆದವು. ಮಹತ್ವದ ಸಲಹೆಗೆ ಮಾಲೀಕರು ನೇರ ಅಲ್ಲಿಗೇ ಹೋಗತೊಡಗಿದರು. ಒಳಗೆ ಉಳಿದದ್ದು ಬಾಡಿಗೆ ಕರಾರು, ನೋಟಿಸಿಗೆ ಉತ್ತರ, ಫೈಲು ಜೋಡಿಸುವ ಕೆಲಸ. ಫರ್ಮಿನಲ್ಲಿ ಪಾರ್ಟ್‌ನರ್ ಆಗಲು ಆಗದವರು ಕಂಪನಿ ಸೇರುತ್ತಾರೆ ಎಂಬ ಕೊಂಕು ಮಾತೂ ಚಾಲ್ತಿಗೆ ಬಂತು.

ಗಾಳಿ ತಿರುಗಿದ್ದು ಎಂಬತ್ತರ ದಶಕದಲ್ಲಿ. ಒಂದು ಕಡೆ ಪರಿಸರ, ಗ್ರಾಹಕರು, ಷೇರುಪೇಟೆ, ಲಂಚ ತಡೆ ಎಂದು ಕಾನೂನುಗಳು ಸಾಲುಸಾಲಾಗಿ ಬಂದವು. ಇನ್ನೊಂದು ಕಡೆ ಹೊರಗಿನ ವಕೀಲರ ಬಿಲ್ಲು ಏರುತ್ತಲೇ ಹೋಯಿತು. 1987ರಲ್ಲಿ ಜನರಲ್ ಎಲೆಕ್ಟ್ರಿಕ್ ಕಂಪನಿಯ ಮುಖ್ಯಸ್ಥ ಜ್ಯಾಕ್ ವೆಲ್ಚ್, ಬೆನ್ ಹೈನ್‌ಮನ್ ಎಂಬ ವಕೀಲರನ್ನು ಹೆಸರಾಂತ ಲಾ ಫರ್ಮೊಂದರಿಂದ ಕರೆತಂದು ಜನರಲ್ ಕೌನ್ಸೆಲ್ ಮಾಡಿದರು. ಹೈನ್‌ಮನ್ ಅಂಥದೇ ಅನುಭವಿ ವಕೀಲರನ್ನು ಒಬ್ಬೊಬ್ಬರನ್ನಾಗಿ ಒಳಗೆ ಸೇರಿಸಿಕೊಂಡರು: ತೆರಿಗೆಗೆ ಒಬ್ಬರು, ವ್ಯಾಜ್ಯಕ್ಕೆ ಒಬ್ಬರು, ಪರಿಸರಕ್ಕೆ ಒಬ್ಬರು. ಹೊರಗೆ ಸಿಗುವ ಬುದ್ಧಿವಂತಿಕೆ ಒಳಗೂ ಇರಬಹುದು ಎಂದು ಉಳಿದ ಕಂಪನಿಗಳಿಗೆ ಮನದಟ್ಟಾಗಿದ್ದು ಆವಾಗ. 1992ರಲ್ಲಿ ರಾಸಾಯನಿಕ ಕಂಪನಿ ಡ್ಯೂಪಾಂಟ್ ಇನ್ನೊಂದು ಹೆಜ್ಜೆ ಮುಂದಿಟ್ಟಿತು. ಮುನ್ನೂರಕ್ಕೂ ಹೆಚ್ಚು ಲಾ ಫರ್ಮುಗಳಿಗೆ ಹಂಚಿಹೋಗಿದ್ದ ತನ್ನ ಕೆಲಸವನ್ನು ಸುಮಾರು ಹತ್ತನೇ ಒಂದು ಭಾಗದಷ್ಟು ಫರ್ಮುಗಳಿಗೆ ಇಳಿಸಲು ಹೊರಟಿತು. ಯಾರಿಗೆ ಎಷ್ಟು, ಯಾವ ದರಕ್ಕೆ ಎಂದು ತೀರ್ಮಾನಿಸುವ ಕುರ್ಚಿ ಈಗ ಒಳಗಿನವರದ್ದಾಯಿತು.

ಒಂದು ಕರಾರು, ಎರಡು ಸಾಲು

ಇವರ ದಿನಚರಿ ಹೇಗಿರುತ್ತದೆ ಎಂದು ತಿಳಿಯಲು ಒಂದೇ ಒಂದು ಕರಾರನ್ನು ಹತ್ತಿರದಿಂದ ನೋಡಿದರೆ ಸಾಕು.

ತ್ರೈಮಾಸಿಕದ ಕೊನೆಯ ದಿನ, ಸಂಜೆ. ಸೇಲ್ಸ್‌ನವರು ಓಡಿಬರುತ್ತಾರೆ. ದೊಡ್ಡ ಗಿರಾಕಿ ಒಪ್ಪಿದ್ದಾನೆ, ಇವತ್ತೇ ಸಹಿ ಆಗಬೇಕು, ನಾಳೆಗೆ ಹೋದರೆ ಈ ತ್ರೈಮಾಸಿಕದ ಲೆಕ್ಕಕ್ಕೆ ಸೇರುವುದಿಲ್ಲ. 40 ಪುಟದ ಕರಾರು. ಬೆಲೆ, ದಿನಾಂಕ, ಸರಕು ಎಲ್ಲ ಮೊದಲ ಪುಟಗಳಲ್ಲೇ ಇದೆ. ಎಲ್ಲರೂ ಅದನ್ನು ಓದಿದ್ದಾರೆ. ವಕೀಲರು ಅದನ್ನೆಲ್ಲ ದಾಟಿ ಕೊನೆಯ ಕಡೆಯ ಪುಟಗಳಿಗೆ ಹೋಗುತ್ತಾರೆ. ಅಲ್ಲಿ ಎರಡು ಷರತ್ತುಗಳಿವೆ.

ಮೊದಲನೆಯದು ನಷ್ಟಭರ್ತಿಯ ಷರತ್ತು. ನಿಮ್ಮಿಂದಾಗಿ ನಮ್ಮ ಮೇಲೆ ಮೂರನೆಯವರು ಕೇಸು ಹಾಕಿದರೆ ಆ ಖರ್ಚು ನೀವೇ ಕೊಡಬೇಕು ಎನ್ನುತ್ತದೆ ಅದು. ಕೇಳಲು ನ್ಯಾಯವಾಗಿಯೇ ಇದೆ. ಎರಡನೆಯದು ಹೊಣೆಯ ಮಿತಿ: ಏನೇ ಹೆಚ್ಚುಕಡಿಮೆಯಾದರೂ ನೀವು ಗರಿಷ್ಠ ಎಷ್ಟು ಹಣಕ್ಕೆ ಹೊಣೆ ಎಂದು ಹೇಳುವ ಸಾಲು. ಸಾಮಾನ್ಯವಾಗಿ ಒಂದು ವರ್ಷದ ಕರಾರಿನ ಮೊತ್ತದಷ್ಟೋ ಅದರ ಎರಡರಷ್ಟೋ ಇಡುತ್ತಾರೆ. ಗಿರಾಕಿಯ ಕಡೆಯವರು ಇದರ ಕೊನೆಗೆ ಒಂದು ತುಣುಕು ಸೇರಿಸಿದ್ದಾರೆ: ಈ ಮಿತಿ ನಷ್ಟಭರ್ತಿಯ ಷರತ್ತಿಗೆ ಅನ್ವಯಿಸುವುದಿಲ್ಲ. ಬಿಡಿಬಿಡಿಯಾಗಿ ಓದಿದರೆ ಎರಡೂ ಷರತ್ತು ಸಾಧಾರಣ. ಜೋಡಿಸಿ ಓದಿದರೆ, 10 ಲಕ್ಷದ ಕೆಲಸಕ್ಕೆ ಮಿತಿಯೇ ಇಲ್ಲದ ಹೊಣೆ ತಲೆಯ ಮೇಲೆ ಬಂದಿರುತ್ತದೆ. ಮನೆಗೆ ಒಂದೇ ಬಾಗಿಲು ಎಂದುಕೊಂಡು ಬೀಗ ಹಾಕಿ ಹೋದವರಿಗೆ ಹಿತ್ತಲ ಬಾಗಿಲು ತೆರೆದಿದ್ದು ಗೊತ್ತೇ ಇಲ್ಲದ ಹಾಗೆ.

ಇಲ್ಲಿ ಹಳೆಯ ಕಾಲದ ವಕೀಲರು "ಆಗಲ್ಲ" ಎಂದು ಬರೆದು ಕೈತೊಳೆದುಕೊಳ್ಳುತ್ತಿದ್ದರು. ಕೆಲಸ ಬದಲಾಗಿದೆ ಎನ್ನುವುದು ಕಾಣುವುದು ಇಂಥ ಕಡೆಯೇ. ಈಗಿನವರು ಮೊದಲು ಸೇಲ್ಸ್‌ನವರಿಗೆ ಒಂದು ಪ್ರಶ್ನೆ ಕೇಳುತ್ತಾರೆ: "ನಾವು ಅವರ ಗ್ರಾಹಕರ ಡೇಟಾ ಮುಟ್ಟುತ್ತೀವಾ?" ಮುಟ್ಟುವುದಿಲ್ಲ ಎಂದಾದರೆ ಮೂರನೆಯವರು ಕೇಸು ಹಾಕುವ ಸಂಭವವೇ ಕಡಿಮೆ, ಒಪ್ಪಬಹುದು. ಮುಟ್ಟುತ್ತೇವೆ ಎಂದಾದರೆ ಆ ಒಂದು ಬಾಬ್ತಿಗೆ ಮಾತ್ರ ಬೇರೆ, ದೊಡ್ಡದಾದ ಮಿತಿ ಇಡೋಣ ಎಂದು ಸೂಚಿಸಿ, ಗಿರಾಕಿಯ ವಕೀಲರಿಗೆ ತಾವೇ ಫೋನ್ ಮಾಡುತ್ತಾರೆ. ಹೊತ್ತು ಮುಳುಗಿದ ಮೇಲಾದರೂ ಸಹಿ ಬೀಳುತ್ತದೆ. ಅಪಾಯ ಪೂರ್ತಿ ಹೋಗಿಲ್ಲ, ಆದರೆ ಎಷ್ಟಿದೆ ಎಂದು ಗೊತ್ತಾಗಿದೆ. ಅದನ್ನು ಹೊರುವುದೋ ಬಿಡುವುದೋ ಎಂಬ ತೀರ್ಮಾನ ವ್ಯಾಪಾರದವರದ್ದು. ಆ ತೀರ್ಮಾನ ಯಾರದ್ದು ಎಂಬ ಗೆರೆಯನ್ನು ಒಳ್ಳೆಯ ಇನ್-ಹೌಸ್ ವಕೀಲರು ಬಹಳ ಜತನದಿಂದ ಕಾಯ್ದುಕೊಳ್ಳುತ್ತಾರೆ.

ಗೋಡೆ ಎದ್ದ ಮೇಲೆ ಬಂದರೆ ಸಾಲದು

ನಾನು ಕೆಲಸ ಮಾಡಿದ ಕಡೆಯೆಲ್ಲ ಲೀಗಲ್ ಟೀಮಿಗೆ ಒಂದಲ್ಲ ಒಂದು ಅಡ್ಡಹೆಸರು ಇದ್ದೇ ಇರುತ್ತಿತ್ತು. ಎಲ್ಲದರ ಅರ್ಥವೂ ಸ್ಪೀಡ್ ಬ್ರೇಕರ್ ಎಂದೇ. ಇದರಲ್ಲಿ ಅವರ ತಪ್ಪು ಅರ್ಧ ಮಾತ್ರ. ಮನೆ ಕಟ್ಟಿ, ಬಣ್ಣ ಬಳಿದು, ಗೃಹಪ್ರವೇಶದ ಹಿಂದಿನ ದಿನ ಎಂಜಿನಿಯರನ್ನು ಕರೆದು "ಪಿಲ್ಲರ್ ಸರಿ ಇದೆಯಾ ನೋಡಿ" ಅಂದರೆ ಅವರು ಹೇಳುವುದೆಲ್ಲ ಅಪಶಕುನದಂತೆಯೇ ಕೇಳಿಸುತ್ತದೆ. ಅದೇ ಮಾತನ್ನು ನಕ್ಷೆ ಬರೆಯುವಾಗ ಹೇಳಿದ್ದರೆ ಒಂದು ಗೆರೆ ಆಚೀಚೆ ಆಗುತ್ತಿತ್ತು, ಅಷ್ಟೆ.

ಡೇಟಾ ಕಾನೂನುಗಳು ಈ ವಿಷಯದಲ್ಲಿ ಕಂಪನಿಗಳಿಗೆ ಆಯ್ಕೆಯನ್ನೇ ಬಿಟ್ಟಿಲ್ಲ. ಯುರೋಪಿನ ಡೇಟಾ ರಕ್ಷಣೆಯ ಕಾನೂನು ಜಿಡಿಪಿಆರ್ 2018ರ ಮೇ 25ರಿಂದ ಜಾರಿಯಲ್ಲಿದೆ. ಖಾಸಗಿತನದ ರಕ್ಷಣೆ ಉತ್ಪನ್ನದ ವಿನ್ಯಾಸದಲ್ಲೇ ಇರಬೇಕು, ಆಮೇಲೆ ಅಂಟಿಸಿದ್ದಲ್ಲ ಎಂದು ಅದು ಹೇಳುತ್ತದೆ. ಉದಾಹರಣೆಗೆ, ಒಂದು ಆ್ಯಪ್ ಹುಟ್ಟಿದ ತಾರೀಖು ಕೇಳುತ್ತದೆ ಎಂದುಕೊಳ್ಳಿ. ಬಳಸುವವರು 18 ದಾಟಿದ್ದಾರೆಯೇ ಎಂದು ತಿಳಿಯುವುದಷ್ಟೇ ಬೇಕಾಗಿದ್ದರೆ ಪೂರ್ತಿ ತಾರೀಖು ಯಾಕೆ ಬೇಕು? ಈ ಪ್ರಶ್ನೆ ಕೇಳಬೇಕಾದದ್ದು ಆ ಬಾಕ್ಸನ್ನು ಸ್ಕ್ರೀನಿನ ಮೇಲೆ ಇಡುವ ಮುಂಚೆ. ಹಾಗಾಗಿ ವಕೀಲರು ಈಗ ಡಿಸೈನರ್ ಪಕ್ಕದಲ್ಲಿ ಕೂರಬೇಕು.

ಅದೇ ಕಾನೂನಿನಲ್ಲಿ ಇನ್ನೊಂದು ಗಡುವು ಇದೆ. ಡೇಟಾ ಸೋರಿಕೆಯಿಂದ ಜನರಿಗೆ ತೊಂದರೆಯಾಗುವ ಸಂಭವ ಇದ್ದರೆ, ಸೋರಿಕೆ ಗೊತ್ತಾದ 72 ಗಂಟೆಯೊಳಗೆ ನಿಯಂತ್ರಣ ಸಂಸ್ಥೆಗೆ ತಿಳಿಸಬೇಕು. ಗಂಭೀರ ಉಲ್ಲಂಘನೆಗೆ ದಂಡ 2 ಕೋಟಿ ಯೂರೋ ಅಥವಾ ಜಗತ್ತಿನಾದ್ಯಂತದ ವಾರ್ಷಿಕ ವಹಿವಾಟಿನ ಶೇ. 4, ಯಾವುದು ಹೆಚ್ಚೋ ಅಲ್ಲಿಯವರೆಗೆ ಹೋಗಬಹುದು. 72 ಗಂಟೆ ಅಂದರೆ ಶುಕ್ರವಾರ ಸಂಜೆ ಗೊತ್ತಾದರೆ ಸೋಮವಾರ ಸಂಜೆ. ಆ ವಾರಾಂತ್ಯದಲ್ಲಿ ಹೊಸ ಲಾ ಫರ್ಮನ್ನು ಹುಡುಕಿ, ಕಂಪನಿಯ ಸರ್ವರ್ ಎಲ್ಲಿದೆ ಎಂದು ಅವರಿಗೆ ವಿವರಿಸುತ್ತಾ ಕೂರುವುದು ಊರೆಲ್ಲ ಸೂರೆಹೋದ ಮೇಲೆ ಕೋಟೆ ಬಾಗಿಲು ಹಾಕಿದ ಲೆಕ್ಕ.

ಹೀಗೆ ವಕೀಲರು ವ್ಯಾಪಾರಕ್ಕೆ ಹತ್ತಿರ ಹತ್ತಿರ ಬಂದರು. ಬಂದಷ್ಟೂ ಉಪಯೋಗ ಹೆಚ್ಚಿತು. ಆದರೆ ಹತ್ತಿರ ಬಂದದ್ದಕ್ಕೆ ತೆರಬೇಕಾದ ಬೆಲೆಯೂ ಇದೆ. ತಂಡದ ಕೋಚ್ ಆಗಿರುವವರೇ ಅಂಪೈರ್ ಕೂಡ ಆಗಬೇಕು. ಔಟ್ ಕೊಡಬೇಕಾಗಿ ಬರುವುದು ತಮ್ಮದೇ ಹುಡುಗರಿಗೆ.

ಆ ಎಚ್ಚರಿಕೆಯ ಮಾತು ಹುಟ್ಟಿದ್ದೆಲ್ಲಿ

ಮೊದಲಿಗೆ ಹೇಳಿದ ಆ ಮೀಟಿಂಗ್ ರೂಮಿನ ಮಾತಿಗೆ ವಕೀಲರ ನಡುವೆ ಒಂದು ಹೆಸರೇ ಇದೆ: ಅಪ್‌ಜಾನ್ ಎಚ್ಚರಿಕೆ. ಅಪ್‌ಜಾನ್ ಎನ್ನುವುದು ಅಮೆರಿಕದ ಒಂದು ಔಷಧ ಕಂಪನಿಯಾಗಿತ್ತು. 1976ರಲ್ಲಿ ಅದರ ವಿದೇಶಿ ಶಾಖೆಯೊಂದು ಅಲ್ಲಿನ ಸರ್ಕಾರಿ ಅಧಿಕಾರಿಗಳಿಗೆ ಹಣ ಕೊಟ್ಟಿದೆ ಎಂದು ಲೆಕ್ಕಪರಿಶೋಧಕರು ಕಂಡುಹಿಡಿದರು. ಕಂಪನಿಯ ಜನರಲ್ ಕೌನ್ಸೆಲ್ ತಾವೇ ಒಳಗಿನ ತನಿಖೆ ಶುರು ಮಾಡಿ, ವಿದೇಶಗಳಲ್ಲಿದ್ದ ಮ್ಯಾನೇಜರುಗಳಿಗೆ ಪ್ರಶ್ನಾವಳಿ ಕಳಿಸಿದರು. ಉತ್ತರಗಳು ಬಂದವು. ಆಮೇಲೆ ತೆರಿಗೆ ಇಲಾಖೆ ಬಂದು, ಆ ಉತ್ತರಗಳನ್ನು ನಮಗೆ ಕೊಡಿ ಎಂದಿತು.

ಕಕ್ಷಿದಾರರು ವಕೀಲರಿಗೆ ಹೇಳಿದ್ದನ್ನು ಹೊರಗೆ ಹಾಕುವಂತೆ ಬಲವಂತ ಮಾಡಲಾಗದು ಎನ್ನುವುದು ಹಳೆಯ ನಿಯಮ. ವಕೀಲರ ಭಾಷೆಯಲ್ಲಿ ಇದು ಪ್ರಿವಿಲೆಜ್. ಆದರೆ ಕಕ್ಷಿದಾರ ಒಂದು ಕಂಪನಿಯಾಗಿದ್ದರೆ? ಆಡಳಿತದ ತುದಿಯಲ್ಲಿರುವ ನಾಲ್ಕು ಜನ ಹೇಳಿದ್ದಕ್ಕೆ ಮಾತ್ರ ರಕ್ಷಣೆಯೋ, ಕೆಳಗಿನ ಮ್ಯಾನೇಜರ್ ಹೇಳಿದ್ದಕ್ಕೂ ಉಂಟೋ? 1981ರ ಜನವರಿಯಲ್ಲಿ ಅಮೆರಿಕದ ಸುಪ್ರೀಂ ಕೋರ್ಟು ಕೆಳಗಿನವರಿಗೂ ಉಂಟು ಎಂದಿತು. ತುದಿಯಲ್ಲಿದ್ದವರಿಗೆ ಗೊತ್ತಿಲ್ಲದ್ದು ಗೊತ್ತಿರುವುದು ಕೆಳಗಿನವರಿಗೇ ಅಲ್ಲವೇ?

ಇದರಲ್ಲಿ ಎರಡು ಸೂಕ್ಷ್ಮಗಳಿವೆ. ಒಂದು, ರಕ್ಷಣೆ ಇರುವುದು ಮಾತಿಗೆ, ನಡೆದ ಸಂಗತಿಗೆ ಅಲ್ಲ. "ನೀನು ವಕೀಲರಿಗೆ ಏನು ಹೇಳಿದೆ?" ಎಂದು ತನಿಖೆಯವರು ಕೇಳುವಂತಿಲ್ಲ. "ನೀನು ಹಣ ಕೊಟ್ಟೆಯಾ?" ಎಂದು ಧಾರಾಳವಾಗಿ ಕೇಳಬಹುದು. ವಕೀಲರ ಕಿವಿಗೆ ಹಾಕಿದ ಮಾತ್ರಕ್ಕೆ ಸಂಗತಿ ಮರೆಯಾಗುವುದಿಲ್ಲ. ಇನ್ನೊಂದು, ಈ ರಕ್ಷಣೆಯ ಒಡೆತನ ಕಂಪನಿಯದ್ದು, ಮಾತಾಡಿದ ನೌಕರನದ್ದಲ್ಲ. ನಾಳೆ ಕಂಪನಿ ತನ್ನನ್ನು ಉಳಿಸಿಕೊಳ್ಳಲು ಆ ಉತ್ತರಗಳನ್ನು ಸರ್ಕಾರಕ್ಕೆ ಒಪ್ಪಿಸಿದರೆ ನೌಕರ ತಡೆಯಲಾಗದು. ಕ್ಯಾಂಟೀನಿನ ಗೆಳೆಯರು ಅಪರಿಚಿತರಂತೆ ಮಾತಾಡುವುದು ಇದಕ್ಕೇ. ಹೇಳದೆ ಇದ್ದಿದ್ದರೆ ಮೋಸವಾಗುತ್ತಿತ್ತು.

ದೇಶ ದಾಟಿದರೆ ಗುಟ್ಟು ಗುಟ್ಟಲ್ಲ

ಒಳಗಿನ ವಕೀಲರೊಂದಿಗೆ ಆಡಿದ ಮಾತಿಗೆ ಎಲ್ಲ ಕಡೆಯೂ ಒಂದೇ ಬಗೆಯ ರಕ್ಷಣೆ ಇಲ್ಲ. ಬಹುಪಾಲು ನೌಕರರಿಗೆ ಇದು ಗೊತ್ತಿರುವುದಿಲ್ಲ. ಮೇಲ್ ಕಳಿಸುವಾಗ ವಕೀಲರ ಹೆಸರನ್ನು ಸಿಸಿಯಲ್ಲಿ ಹಾಕಿ, ಮೇಲೆ "ಗೋಪ್ಯ" ಎಂದು ಬರೆದರೆ ಆಯಿತು ಎಂಬ ನಂಬಿಕೆ ಆಫೀಸುಗಳಲ್ಲಿ ಇದೆ. ಅದು ತಾಯತ ಕಟ್ಟಿಕೊಂಡಷ್ಟೇ ಪರಿಣಾಮಕಾರಿ. ಕಾನೂನು ಸಲಹೆ ಕೇಳಲು ಬರೆದ ಮೇಲ್ ಬೇರೆ, ವ್ಯಾಪಾರದ ಮೇಲಿಗೆ ವಕೀಲರ ಹೆಸರು ಅಂಟಿಸುವುದು ಬೇರೆ.

2003ರಲ್ಲಿ ಕಂಪನಿಗಳ ನಡುವಿನ ಸ್ಪರ್ಧೆಗೆ ಧಕ್ಕೆಯಾಗದಂತೆ ನೋಡಿಕೊಳ್ಳುವ ಯುರೋಪಿನ ತನಿಖಾಧಿಕಾರಿಗಳು, ರಾಸಾಯನಿಕ ತಯಾರಿಸುವ ಅಕ್ಜೊ ನೊಬೆಲ್ ಸಮೂಹದ ಇಂಗ್ಲೆಂಡಿನ ಕಚೇರಿಯೊಂದನ್ನು ಶೋಧಿಸಿದರು. ಸಿಕ್ಕ ಕಾಗದಗಳಲ್ಲಿ ಎರಡು ಇ-ಮೇಲ್ ಇದ್ದವು. ಅಲ್ಲಿನ ಮ್ಯಾನೇಜರ್ ಮತ್ತು ಸಮೂಹದ ಒಳಗಿನ ವಕೀಲರ ನಡುವಿನ ಮಾತುಕತೆ. ಆ ವಕೀಲರು ನೆದರ್ಲೆಂಡ್ಸ್‌ನ ವಕೀಲರ ಸಂಘದ ಸದಸ್ಯರೂ ಆಗಿದ್ದರು. ಆ ಎರಡು ಮೇಲಿನ ಜಗಳ ಏಳು ವರ್ಷ ನಡೆಯಿತು. 2010ರ ಸೆಪ್ಟೆಂಬರ್ 14ರಂದು ಯುರೋಪಿನ ನ್ಯಾಯಾಲಯ, ಯುರೋಪಿಯನ್ ಒಕ್ಕೂಟದ ಆಡಳಿತ ಸಂಸ್ಥೆಯಾದ ಯುರೋಪಿಯನ್ ಕಮಿಷನ್ ನಡೆಸುವ ಸ್ಪರ್ಧಾ ತನಿಖೆಗಳಲ್ಲಿ ಇಂಥ ಮೇಲ್‌ಗಳಿಗೆ ರಕ್ಷಣೆ ಇಲ್ಲ ಎಂದಿತು. ಕಾರಣ ನೇರ: ಸಂಬಳಕ್ಕಾಗಿ ಕಂಪನಿಯನ್ನೇ ನಂಬಿರುವ, ಅದರ ವ್ಯಾಪಾರದೊಂದಿಗೆ ಬೆಸೆದುಕೊಂಡಿರುವ ವಕೀಲರಿಗೆ ಹೊರಗಿನವರಷ್ಟು ಸ್ವಾತಂತ್ರ್ಯ ಇರುವುದಿಲ್ಲ. ಅದೇ ಇಂಗ್ಲೆಂಡಿನ ಸ್ವಂತ ಕಾನೂನಿನಲ್ಲಾದರೋ ಒಳಗಿನವರಿಗೂ ಹೊರಗಿನವರಿಗೂ ಈ ಮಟ್ಟಿಗೆ ವ್ಯತ್ಯಾಸ ಇಲ್ಲ. ಒಂದೇ ಕಚೇರಿ, ಅವೇ ಎರಡು ಮೇಲ್. ಬಾಗಿಲು ಬಡಿದವರು ಯಾರು ಎಂಬುದರ ಮೇಲೆ ಉತ್ತರ ಬೇರೆ.

ಭಾರತದಲ್ಲಿ ಪೂರ್ಣಾವಧಿ ಸಂಬಳದ ನೌಕರಿಯಲ್ಲಿರುವವರು ಅಡ್ವೊಕೇಟ್ ಆಗಿ ವಕೀಲಿಕೆ ಮಾಡುವಂತಿಲ್ಲ ಎನ್ನುತ್ತದೆ ಬಾರ್ ಕೌನ್ಸಿಲ್ ನಿಯಮ. ಆ ಕಾರಣಕ್ಕೆ ಇವರ ಸ್ಥಾನ ಏನು ಎಂಬ ಪ್ರಶ್ನೆ ಬಹಳ ಕಾಲದಿಂದ ನೇತಾಡುತ್ತಿತ್ತು. 2025ರ ಅಕ್ಟೋಬರ್ 31ರಂದು ಸುಪ್ರೀಂ ಕೋರ್ಟು ಉತ್ತರ ಕೊಟ್ಟಿತು: ಭಾರತೀಯ ಸಾಕ್ಷ್ಯ ಅಧಿನಿಯಮದ 132ನೇ ಕಲಮಿನಲ್ಲಿ ಅಡ್ವೊಕೇಟರಿಗೆ ಇರುವ ಗೋಪ್ಯತೆಯ ರಕ್ಷಣೆ ಇನ್-ಹೌಸ್ ವಕೀಲರಿಗೆ ಇಲ್ಲ. ಕಂಪನಿಯ ಪರವಾಗಿ ಹೊರಗಿನ ಕಾನೂನು ಸಲಹೆಗಾರರೊಂದಿಗೆ ಅವರು ಆಡಿದ ಮಾತಿಗೆ 134ನೇ ಕಲಮಿನ ಸೀಮಿತ ರಕ್ಷಣೆ ಸಿಗುತ್ತದೆ. ಕಂಪನಿಗೂ ಅವರಿಗೂ ನಡುವೆ ನಡೆದ ಮಾತಿಗೆ ಅದೂ ಇಲ್ಲ. ಸರಳವಾಗಿ ಹೇಳುವುದಾದರೆ, ಒಂದೇ ಮಾತನ್ನು ಒಳಗಿನ ವಕೀಲರಿಗೆ ಬರೆದರೆ ಒಂದು ಲೆಕ್ಕ, ಹೊರಗಿನ ಅಡ್ವೊಕೇಟರಿಗೆ ಬರೆದರೆ ಇನ್ನೊಂದು ಲೆಕ್ಕ. ಸೂಕ್ಷ್ಮ ವಿಷಯ ಎದ್ದಾಗ ಒಳಗಿನವರು "ಇದನ್ನ ಮೇಲಲ್ಲಿ ಬರೀಬೇಡಿ, ಫೋನ್ ಮಾಡಿ" ಅನ್ನುವುದಕ್ಕೂ, ಬೇಗನೆ ಹೊರಗಿನವರನ್ನು ಕರೆಸುವುದಕ್ಕೂ ಇದು ಕಾರಣ.

ಮೇಲಕ್ಕೆ ಹೋಗದ ಮಾತು

2001ರ ಡಿಸೆಂಬರಿನಲ್ಲಿ ಅಮೆರಿಕದ ಇಂಧನ ಕಂಪನಿ ಎನ್ರಾನ್ ದಿವಾಳಿಯಾಯಿತು. ಅದಕ್ಕೆ ಕೆಲವು ತಿಂಗಳ ಮೊದಲು ಕಂಪನಿಯ ಅಧಿಕಾರಿಯೊಬ್ಬರು ಲೆಕ್ಕಪತ್ರದ ಗೋಲ್‌ಮಾಲ್ ಬಗ್ಗೆ ಅಧ್ಯಕ್ಷರಿಗೆ ಪತ್ರ ಬರೆದು ಎಚ್ಚರಿಸಿದ್ದರು. ಅದನ್ನು ಪರಿಶೀಲಿಸಲು ಕೊಟ್ಟದ್ದು ಕಂಪನಿಗೆ ಮೊದಲಿಂದಲೂ ಕೆಲಸ ಮಾಡುತ್ತಿದ್ದ ಲಾ ಫರ್ಮಿಗೇ. ಇಷ್ಟು ವಕೀಲರಿದ್ದೂ ಯಾರೂ ಗಂಟೆ ಬಾರಿಸಲಿಲ್ಲವೇಕೆ ಎಂಬ ಸಿಟ್ಟಿನಲ್ಲಿ ಅಮೆರಿಕ 2002ರಲ್ಲಿ ಸಾರ್ಬೇನ್ಸ್-ಆಕ್ಸ್‌ಲಿ ಕಾಯ್ದೆ ತಂದಿತು. ಅದರ 307ನೇ ಕಲಮು ವಕೀಲರಿಗೇ ಮೀಸಲು. ಷೇರುಪೇಟೆಯಲ್ಲಿರುವ ಕಂಪನಿಯಲ್ಲಿ ಗಂಭೀರ ಉಲ್ಲಂಘನೆಯ ಸುಳಿವು ಕಂಡರೆ ಅದನ್ನು ಮುಖ್ಯ ಕಾನೂನು ಅಧಿಕಾರಿಗೋ ಸಿಇಒಗೋ ತಿಳಿಸಬೇಕು. ಸರಿಯಾದ ಉತ್ತರ ಬಾರದಿದ್ದರೆ ಅವರನ್ನು ದಾಟಿ ನಿರ್ದೇಶಕ ಮಂಡಳಿಯ ಆಡಿಟ್ ಸಮಿತಿಯ ಬಾಗಿಲು ತಟ್ಟಬೇಕು. ಕಕ್ಷಿದಾರ ಕಂಪನಿಯೇ ಹೊರತು ಸಿಇಒ ಅಲ್ಲ ಎಂಬ ಮಾತಿಗೆ ಹೀಗೆ ಒಂದು ಏಣಿ ಸಿಕ್ಕಿತು.

ಏಣಿ ಇದ್ದರೂ ಹತ್ತದೇ ಇದ್ದರೆ? ಜನರಲ್ ಮೋಟರ್ಸ್ ಕಂಪನಿಯ ಕೆಲವು ಸಣ್ಣ ಕಾರುಗಳಲ್ಲಿ ಇಗ್ನಿಷನ್ ಸ್ವಿಚ್ ಸಡಿಲವಾಗಿತ್ತು. ಓಡುತ್ತಿರುವಾಗಲೇ ಕೀ ಜಾರಿ ಎಂಜಿನ್ ಆಫ್ ಆಗುತ್ತಿತ್ತು, ಏರ್‌ಬ್ಯಾಗೂ ಬಿಚ್ಚಿಕೊಳ್ಳುತ್ತಿರಲಿಲ್ಲ. ವರ್ಷಗಟ್ಟಲೆ ಕೇಸುಗಳು ಲೀಗಲ್ ವಿಭಾಗಕ್ಕೆ ಬರುತ್ತಲೇ ಇದ್ದವು. ಅಲ್ಲಿನವರು ಒಂದೊಂದು ಕೇಸನ್ನೂ ಒಂದೊಂದು ಫೈಲಾಗಿ ನೋಡಿ, ರಾಜಿ ಮಾಡಿಕೊಂಡು, ಮುಚ್ಚುತ್ತಾ ಹೋದರು. ಸಣ್ಣ ಮೊತ್ತದ ರಾಜಿಗಳು ಮೇಲಿನವರ ಮೇಜಿಗೆ ಹೋಗುವ ಅಗತ್ಯವೇ ಇರಲಿಲ್ಲ. ಫೈಲುಗಳನ್ನೆಲ್ಲ ಒಂದೇ ಮೇಜಿನ ಮೇಲೆ ಹರಡಿದ್ದರೆ ಎಲ್ಲದರಲ್ಲೂ ಅದೇ ಸ್ವಿಚ್ ಕಾಣುತ್ತಿತ್ತು. 2014ರಲ್ಲಿ ಸುಮಾರು 26 ಲಕ್ಷ ಕಾರುಗಳನ್ನು ವಾಪಸ್ ಕರೆಸಿದಾಗ, ತನಗೆ ಈ ದೋಷ ತಿಳಿದದ್ದೇ ಆ ವರ್ಷದ ಫೆಬ್ರವರಿಯಲ್ಲಿ ಎಂದು ಜನರಲ್ ಕೌನ್ಸೆಲ್ ಸೆನೆಟ್ ಮುಂದೆ ಹೇಳಿದರು. ಕೆಲಸ ಕಳೆದುಕೊಂಡ 15 ಮಂದಿಯಲ್ಲಿ ವಕೀಲರೂ ಇದ್ದರು. ಪರಿಹಾರ ನಿಧಿ ಒಪ್ಪಿಕೊಂಡ ಸಾವುಗಳ ಸಂಖ್ಯೆ 124.

ಇನ್ನು, ಗಂಟೆ ಬಾರಿಸಿದವರ ಗತಿ? 1985ರಲ್ಲಿ ಗ್ಯಾಂಬ್ರೊ ಎಂಬ ಕಂಪನಿಯ ಅಮೆರಿಕದ ಶಾಖೆಗೆ ಜರ್ಮನಿಯಿಂದ ಡಯಾಲಿಸಿಸ್ ಉಪಕರಣಗಳು ಬಂದವು. ಅವು ನಿಗದಿತ ಮಟ್ಟಕ್ಕೆ ಇರಲಿಲ್ಲ. ಒಳಗಿನ ವಕೀಲರು ಬೇಡ ಎಂದರು. ಅಧ್ಯಕ್ಷರು ಮೊದಲು ಒಪ್ಪಿ, ಆಮೇಲೆ ಮಾರಲು ಹೊರಟರು. ಇದನ್ನು ತಡೆಯಲು ಏನು ಬೇಕಾದರೂ ಮಾಡುತ್ತೇನೆ ಎಂದು ವಕೀಲರು ಅಧ್ಯಕ್ಷರ ಮುಖಕ್ಕೇ ಹೇಳಿದರು. ಕೆಲಸ ಹೋಯಿತು. ಅವರು ಸರ್ಕಾರದ ಔಷಧ ನಿಯಂತ್ರಣ ಸಂಸ್ಥೆಗೆ ತಿಳಿಸಿದರು, ಉಪಕರಣಗಳು ಜಪ್ತಿಯಾದವು. ಆಮೇಲೆ ಕೆಲಸದಿಂದ ತೆಗೆದದ್ದು ಅನ್ಯಾಯ ಎಂದು ಕೇಸು ಹಾಕಿದರು. 1991ರಲ್ಲಿ ಇಲಿನಾಯ್ ರಾಜ್ಯದ ಸುಪ್ರೀಂ ಕೋರ್ಟು ಅವರ ವಿರುದ್ಧ ತೀರ್ಪು ಕೊಟ್ಟಿತು. ಕೋರ್ಟಿನ ತರ್ಕ ಹೀಗಿತ್ತು: ಜನರ ಪ್ರಾಣಕ್ಕೆ ಅಪಾಯ ಇದ್ದಾಗ ತಿಳಿಸುವುದು ವಕೀಲರ ವೃತ್ತಿಧರ್ಮವೇ, ಅದಕ್ಕೆ ಬೇರೆ ಕಾನೂನಿನ ಆಸರೆ ಬೇಕಿಲ್ಲ. ಬೇರೆ ನೌಕರನಾಗಿದ್ದರೆ ಪರಿಹಾರ ಸಿಗುವ ದಾರಿ ಇತ್ತು. ವಕೀಲರಾದ ಕಾರಣಕ್ಕೇ ಸಿಗಲಿಲ್ಲ. ಓದಿದವರಿಗೆ ಹೊಟ್ಟೆ ಚುರುಕ್ ಅನ್ನುವ ತೀರ್ಪು. ಮೂರು ವರ್ಷದ ನಂತರ ಕ್ಯಾಲಿಫೋರ್ನಿಯಾದ ಸುಪ್ರೀಂ ಕೋರ್ಟು ಬೇರೆ ದಾರಿ ಹಿಡಿಯಿತು: ಕಕ್ಷಿದಾರರ ಗುಟ್ಟು ಬಯಲಾಗದಂತೆ ನೋಡಿಕೊಂಡು, ಕೆಲವು ಸಂದರ್ಭಗಳಲ್ಲಿ ಇಂಥ ಕೇಸು ಹಾಕಬಹುದು ಎಂದಿತು.

ಇದರಿಂದಾಗಿ ಬೋರ್ಡುಗಳು ಕೆಲವು ಏರ್ಪಾಡು ಮಾಡಿಕೊಳ್ಳುತ್ತಿವೆ. ಜನರಲ್ ಕೌನ್ಸೆಲ್ ಅನ್ನು ನೇಮಿಸುವಾಗ, ತೆಗೆಯುವಾಗ ಮಂಡಳಿಯ ಒಪ್ಪಿಗೆ ಬೇಕು ಎನ್ನುವುದು ಒಂದು. ಸಿಇಒ ಇಲ್ಲದ ಕೋಣೆಯಲ್ಲಿ ಸ್ವತಂತ್ರ ನಿರ್ದೇಶಕರು ಅವರೊಡನೆ ಆಗಾಗ ಮಾತಾಡುವುದು ಇನ್ನೊಂದು. ನನಗೆ ಎರಡನೆಯದೇ ಹೆಚ್ಚು ಕೆಲಸಕ್ಕೆ ಬರುವಂಥದ್ದು ಅನ್ನಿಸುತ್ತದೆ. ದೂರು ಹೇಳಲೆಂದೇ ಬಾಗಿಲು ತಟ್ಟುವುದು ಕಷ್ಟ. ಮೂರು ತಿಂಗಳಿಗೊಮ್ಮೆ ಹೇಗೂ ತೆರೆಯುವ ಬಾಗಿಲಾದರೆ ಅಷ್ಟು ಕಷ್ಟವಿಲ್ಲ.

ಯಂತ್ರ ಬಂದ ಮೇಲೆ

ಎನ್‌ಡಿಎ, ಅಂದರೆ ಗೋಪ್ಯತೆಯ ಒಪ್ಪಂದದಂಥ ಪುನರಾವರ್ತನೆಯ ಕಾಗದಗಳನ್ನು ಈಗ ಎಐ ಮೊದಲ ಸುತ್ತು ಓದಿ, ಎಡವಟ್ಟಿನ ಸಾಲುಗಳಿಗೆ ಗುರುತು ಹಾಕಿ ಕೊಡುತ್ತದೆ. ಮೇಲೆ ಹೇಳಿದ ಹಿತ್ತಲ ಬಾಗಿಲಿನಂಥದ್ದನ್ನೂ ಅದು ಹಲವು ಸಲ ಹಿಡಿಯುತ್ತದೆ. ಆದರೆ ಇದ್ದದ್ದನ್ನು ಹಿಡಿಯುವ ಯಂತ್ರವೇ ಇಲ್ಲದ್ದನ್ನು ಹುಟ್ಟಿಸುವುದೂ ಉಂಟು. 2023ರಲ್ಲಿ ನ್ಯೂಯಾರ್ಕಿನ ಫೆಡರಲ್ ಕೋರ್ಟಿನಲ್ಲಿ ವಿಮಾನಯಾನ ಕಂಪನಿಯೊಂದರ ಮೇಲಿನ ಕೇಸಿನಲ್ಲಿ ವಕೀಲರು ಚಾಟ್‌ಜಿಪಿಟಿ ಕೊಟ್ಟ ತೀರ್ಪುಗಳನ್ನು ಹಾಗೇ ಉಲ್ಲೇಖಿಸಿದ್ದರು. ಆ ತೀರ್ಪುಗಳು ಇರಲೇ ಇಲ್ಲ. 5,000 ಡಾಲರ್ ದಂಡ ಬಿತ್ತು.

ಕಂಪನಿಯೊಳಗಿನವರಿಗೆ ಎಐ ಸಾಧನಕ್ಕಿಂತ ಹೆಚ್ಚಾಗಿ ಹೊಸ ಹೊಣೆ. ಯಾವ ವಿಭಾಗ ಯಾವ ಸಾಫ್ಟ್‌ವೇರಿಗೆ ಗಿರಾಕಿಗಳ ಡೇಟಾ ಸುರಿಯುತ್ತಿದೆ, ಕೆಲಸಕ್ಕೆ ಅರ್ಜಿ ಹಾಕಿದವರನ್ನು ಯಂತ್ರ ಜರಡಿ ಹಿಡಿದರೆ ಅದರ ತಪ್ಪಿಗೆ ಯಾರು ಹೊಣೆ, ಅದು ಬರೆದ ಕೋಡು ಯಾರ ಸ್ವತ್ತು ಎಂದೆಲ್ಲ ನೋಡಬೇಕಾದವರು ಅವರೇ. ಕೆಳಗಿನ ಹಂತದ ಓದುವ ಕೆಲಸವನ್ನು ಯಂತ್ರಕ್ಕೆ ಬಿಟ್ಟರೆ ಹೊಸ ವಕೀಲರು ಕಲಿಯುವುದು ಎಲ್ಲಿ ಎಂಬ ತಕರಾರು ಲೀಗಲ್ ಟೀಮುಗಳೊಳಗೇ ಇದೆ. ಆ ಎರಡು ಷರತ್ತುಗಳನ್ನು ಜೋಡಿಸಿ ಓದುವ ಕಣ್ಣು ಬರುವುದು ನೂರಾರು ಕರಾರು ಓದಿ ಬೇಸತ್ತ ಮೇಲೇ ತಾನೆ.

ಮತ್ತೆ ಆ ರೂಮಿಗೆ

ನೀವು ಆ ಕುರ್ಚಿಯಲ್ಲಿ ಕೂತಿದ್ದೀರಿ, ಎದುರಿಗೆ ನೀರಿನ ಬಾಟಲಿ. ಕೆಲವು ವಿಷಯ ಗೊತ್ತಿದ್ದರೆ ಒಳ್ಳೆಯದು. ನಿಮ್ಮನ್ನು ಸಾಕ್ಷಿಯಾಗಿ ಕರೆದಿದ್ದಾರೋ, ನಿಮ್ಮ ನಡತೆಯ ಬಗ್ಗೆಯೇ ವಿಚಾರಣೆಯೋ ಎಂದು ಕೇಳಬಹುದು. ನಿಮ್ಮದೇ ವಕೀಲರನ್ನು ವಿಚಾರಿಸಬೇಕು ಅನ್ನಿಸಿದರೆ ಸಮಯ ಕೊಡಿ ಎನ್ನಬಹುದು. ಕಂಪನಿ ಒಪ್ಪುತ್ತದೋ ಇಲ್ಲವೋ ಅದು ಬೇರೆ ವಿಷಯ, ಕೇಳುವುದರಲ್ಲಿ ತಪ್ಪಿಲ್ಲ. ಗೊತ್ತಿಲ್ಲದ್ದಕ್ಕೆ ಊಹೆಯ ಉತ್ತರ ಕೊಡುವ ಅಗತ್ಯವಿಲ್ಲ. ಹೊರಗೆ ಬಂದವರೇ ಹಳೆಯ ಮೇಲ್, ಚಾಟ್ ಡಿಲೀಟ್ ಮಾಡಲು ಮಾತ್ರ ಹೋಗಬೇಡಿ. ಮೂಲ ತಪ್ಪು ಸಣ್ಣದಿದ್ದರೂ ಅಳಿಸಿದ್ದು ದೊಡ್ಡದಾಗುತ್ತದೆ, ಸರ್ವರಿನಲ್ಲಿ ಸಾಮಾನ್ಯವಾಗಿ ಪ್ರತಿ ಉಳಿದಿರುತ್ತದೆ.

ಅವರೇನಾದರೂ ಆ ಎಚ್ಚರಿಕೆಯ ಮಾತು ಹೇಳದೆ ನೇರ ಪ್ರಶ್ನೆಗೇ ಇಳಿದರೆ, ಬಾಟಲಿಯ ಮುಚ್ಚಳ ತಿರುಗಿಸುತ್ತಾ ನೀವೇ ಕೇಳಿಬಿಡಿ: "ಒಂದ್ನಿಮಿಷ, ಈ ರೂಮಲ್ಲಿ ನೀವು ಯಾರ ವಕೀಲರು?"